ಮೂತ್ರ ಪರೀಕ್ಷೆ ಹೇಳುವ ರಕ್ತದ ಕಥೆ

ನಮ್ಮ ರಕ್ತದ ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಹಳೆಯವು ಅಳಿದಂತೆ ಮೂಳೆಯ ಮಜ್ಜೆಯಲ್ಲಿ ಹೊಸವು ಹುಟ್ಟುತ್ತವೆ. ಆದರೆ ಕೆಲವರಲ್ಲಿ ಈ ಕಣಗಳು ಅವಧಿಗೆ ಮೊದಲೇ ಒಡೆಯುತ್ತವೆ. ಇದೇ ಹಿಮೋಲಿಸಿಸ್.

ಇದಕ್ಕೆ ಒಂದು ಕಾರಣ ಜಿ6ಪಿಡಿ ಎಂಬ ಕಿಣ್ವದ ಕೊರತೆ. ವಂಶಪಾರಂಪರ್ಯವಾಗಿ ಬರುವ ಈ ಕೊರತೆ ಗಂಡುಮಕ್ಕಳಲ್ಲಿ ಹೆಚ್ಚು. ಕೊಲ್ಲಿ ದೇಶಗಳಲ್ಲೂ ಭಾರತದಲ್ಲೂ ಇದು ಕಂಡುಬರುತ್ತದೆ. ಇಂಥವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಖಾಲಿದಿಯಾದಲ್ಲಿ ನಾವು ದಿನವೂ ಕಾಣುವ ಅರಬ್ಬರ ತಿಂಡಿ ‘ಫೂಲ್’ ಅವರಿಗೆ ಅಪಾಯಕಾರಿ. ಅದನ್ನು ಫಾವಾ ಕಾಳಿನಿಂದ ಮಾಡುತ್ತಾರೆ. ನಮ್ಮೂರಿನ ಅವರೆಕಾಳು ಬೇರೆಯೇ ಗಿಡದ್ದು. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ಹಾಗೂ ಬಟ್ಟೆಗಳ ನಡುವೆ ಇಡುವ ನಾಫ್ತಲೀನ್ ಗುಳಿಗೆಯೂ ತೊಂದರೆ ಕೊಡಬಲ್ಲವು. 1956ರಲ್ಲಿ ಈ ಕೊರತೆ ಪತ್ತೆಯಾದದ್ದೇ ಪ್ರೈಮಾಕ್ವಿನ್ ಕುರಿತ ಸಂಶೋಧನೆಯಿಂದ.

ಕಣಗಳು ಒಡೆದಾಗ ಹಿಮೋಗ್ಲೋಬಿನ್ ಹೊರಬಿದ್ದು ಮೂತ್ರಕ್ಕೆ ಸೇರುತ್ತದೆ. ಆಗ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುತ್ತದೆ. ಪ್ರಯೋಗಾಲಯದಲ್ಲಿ ನೋಡುವುದು ಇವನ್ನು:

1. ಪರೀಕ್ಷಾ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿದಾಗ ಅದು ‘ರಕ್ತವಿದೆ’ ಎಂದು ಬಣ್ಣ ತೋರಿಸುತ್ತದೆ. ಆದರೆ ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣಗಳೇ ಕಾಣುವುದಿಲ್ಲ! ಕಣಗಳು ಒಡೆದಿವೆ ಎಂಬುದಕ್ಕೆ ಇದು ಮುಖ್ಯ ಸುಳಿವು. ಸ್ನಾಯುಗಳಿಗೆ ಹಾನಿಯಾದಾಗಲೂ ಹೀಗೆ ಕಾಣಬಹುದು. ಆದ್ದರಿಂದ ರಕ್ತಪರೀಕ್ಷೆಯೂ ಬೇಕು.

2. ಯುರೋಬಿಲಿನೋಜನ್ ಹೆಚ್ಚಿರುತ್ತದೆ, ಬಿಲಿರುಬಿನ್ ಮಾತ್ರ ಇರುವುದಿಲ್ಲ. ಕಣ ಒಡೆದಾಗ ಉಂಟಾಗುವ ಬಿಲಿರುಬಿನ್ ನೀರಿನಲ್ಲಿ ಕರಗದು. ಹಾಗಾಗಿ ಮೂತ್ರಕ್ಕೆ ಬಾರದು. ಯಕೃತ್ತಿನ ಕಾಯಿಲೆಯ ಕಾಮಾಲೆಯಲ್ಲಿ ಅದು ಮೂತ್ರದಲ್ಲಿ ಕಾಣಿಸುತ್ತದೆ.

3. ಕೆಲವು ದಿನಗಳ ನಂತರ ಹಿಮೋಸಿಡರಿನ್ ಎಂಬ ಕಬ್ಬಿಣದ ಅಂಶ ಬರುತ್ತದೆ. ವಿಶೇಷ ರಾಸಾಯನಿಕ ಹಾಕಿದರೆ ಅದು ನೀಲಿಯಾಗುತ್ತದೆ.

ಇಲ್ಲಿನ ಬಿಸಿಲಿಗೆ ನೀರು ಕಡಿಮೆ ಕುಡಿದರೆ ಮೂತ್ರ ಕಡುಹಳದಿಯಾಗುವುದುಂಟು; ನೀರು ಕುಡಿದರೆ ಸರಿಹೋಗುತ್ತದೆ. ಆದರೆ ಬಣ್ಣ ಚಹಾದಂತೆ ಕಂದಾಗಿ, ಕಣ್ಣು ಹಳದಿಯಾಗಿ, ಮೈ ಬಿಳಿಚಿ ಸುಸ್ತಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಫೂಲ್ ತಿಂದದ್ದನ್ನೂ ನುಂಗಿದ ಮಾತ್ರೆಯ ಹೆಸರನ್ನೂ ತಪ್ಪದೆ ತಿಳಿಸಬೇಕು.

ಪೋಷಕರೇ, ಶೌಚಾಲಯಕ್ಕೆ ಒಬ್ಬರೇ ಹೋಗುವ ವಯಸ್ಸಿನ ಮಕ್ಕಳ ಮೂತ್ರದ ಬಣ್ಣ ನಮಗೆ ಕಾಣುವುದಿಲ್ಲ. ಮಕ್ಕಳೇ, ನಿಮಗೆ ಕಂಡದ್ದನ್ನು ನಾಚಿಕೆಪಡದೆ ಅಮ್ಮನಿಗೋ ಅಪ್ಪನಿಗೋ ಹೇಳಿ. ಆ ಒಂದು ಮಾತಿನಿಂದ ಜೀವ ಉಳಿಯಬಹುದು.