ಕಲಾವಿದರ ಮನೆಗೂ ಒಂದು ಗದ್ದೆ ಬೇಕು

ಬೇಸಾಯ ನಿಂತ ಜಮೀನಿನಲ್ಲಿ ಕಲಾವಿದರು ಬಂದು ಉಳಿಯುವಂಥ ಜಾಗ ಮಾಡಬೇಕು ಎಂದುಕೊಂಡವರು ಈಗೀಗ ಸಲಹೆ ಕೇಳಲು ಬರುತ್ತಾರೆ. ಸಾಗರದ ಸೀಮೆಯಲ್ಲಿ, ನಮ್ಮ ಗದ್ದೆಬಯಲಿನ ಅಂಚಿಗೆ ಅಂಥದೊಂದನ್ನು ನಡೆಸುತ್ತಿರುವ ನಾನು ಎಲ್ಲರಿಗೂ ಮೊದಲು ಹೇಳುವುದು, ಗದ್ದೆಯನ್ನು ಪೂರ್ತಿ ಬಿಡಬೇಡಿ ಎಂದು.

ಮಲೆನಾಡಿನ ಗದ್ದೆ ಒಬ್ಬರದೇ ಆಗಿರುವುದಿಲ್ಲ. ಮೇಲಿನದರ ನೀರು ಬದುವಿನ ಕಂಡಿಯಿಂದ ಕೆಳಗಿನದಕ್ಕೆ ಇಳಿಯಬೇಕು. ನಡುವೆ ಒಬ್ಬರು ಹಾಳುಬಿಟ್ಟರೆ ಕಾಲುವೆಯಲ್ಲಿ ಹೂಳು ತುಂಬುತ್ತದೆ, ಪೊದೆ ಬೆಳೆದು ಹಂದಿ ಸೇರಿಕೊಳ್ಳುತ್ತದೆ, ಪಕ್ಕದವರ ಭತ್ತ ಹೋಗುತ್ತದೆ. “ನೀವು ಚಿತ್ರ ಬರೆಸಿ ಮಾರಾಯ್ರೇ, ನೀರಿಗೆ ಮಾತ್ರ ಅಡ್ಡ ಮಾಡ್ಬೇಡಿ” ಎಂದು ಕೆಳಗದ್ದೆಯವರು ಹೇಳಿದ್ದು ನ್ಯಾಯವಾದ ಮಾತು. ಹಾಗಾಗಿ ಕಟ್ಟಡಕ್ಕೆ ಬೇಕಾದಷ್ಟಕ್ಕೆ ಮಾತ್ರ ಭೂಪರಿವರ್ತನೆ ಮಾಡಿಸಿದೆವು. ಉಳಿದದ್ದು ಪಹಣಿಯಲ್ಲೂ ಗದ್ದೆ, ನೆಲದಲ್ಲೂ ಗದ್ದೆ.

ಕೊಟ್ಟಿಗೆಯೇ ಈಗ ಕೆಲಸದ ಮನೆ. ಮಳೆಗಾಲದಲ್ಲಿ ಅಲ್ಲಿ ಎಣ್ಣೆಬಣ್ಣ ಬೇಗ ಒಣಗುವುದಿಲ್ಲ, ಮಣ್ಣಿನ ಕುಡಿಕೆ ಹಸಿಯಾಗಿಯೇ ಕೂತಿರುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಒಳ್ಳೆಯ ಕಾಗದವನ್ನೆಲ್ಲ ಬಚ್ಚಲೊಲೆಯ ಬಿಸಿ ತಾಗುವ ಅಟ್ಟದಲ್ಲಿಡುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆಯುವವರು, ಹಾಡುವವರು ಬರಲಿ. ಚಿತ್ರದವರಿಗೆ ಮಳೆ ಹಿಂದಾದ ಮೇಲಿನ ದಿನಗಳೇ ಸರಿ.

ನಮ್ಮ ಸುತ್ತಿನ ದೀವರ ಮನೆಗಳಲ್ಲಿ ಹಸೆ ಚಿತ್ತಾರವಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ, ಕೈ ನಡುಗದೆ ಎಳೆದ ಗೆರೆಗಳು. ಬಂದಿದ್ದ ಕಲಾವಿದೆಯೊಬ್ಬರು ಅದನ್ನು ಕಲಿಯಲು ಹೊರಟರು. ಕಲಿಸುವ ಅಕ್ಕ ಕಾಗದದ ಮೇಲೆ ಬೇಕಾದಷ್ಟು ಗೆರೆ ಹಾಕಿ ತೋರಿಸಿ, ಕಡೆಗೆ “ಭೂಮಿ ಹುಣ್ಣಿಮೆಗೆ ಬಾ ತಂಗಿ, ಬುಟ್ಟಿ ನೋಡ್ಬೇಕು ಅಂದ್ರೆ ಗದ್ದೆಗೇ ಬರ್ಬೇಕು” ಎಂದರು. ಅವರು ಹೇಳಿದ್ದು ಭೂಮಣ್ಣಿ ಬುಟ್ಟಿಯ ಬಗ್ಗೆ. ಭತ್ತ ಹೊಡೆಯಾಗುವ ಹೊತ್ತಿಗೆ ಭೂಮಿತಾಯಿಗೆ ಬಯಕೆಯೂಟ. ಚಿತ್ತಾರ ಬರೆದ ಬುಟ್ಟಿಯಲ್ಲಿ ಅದನ್ನು ಹೊತ್ತು ಗದ್ದೆಗೆ ಹೋಗುತ್ತಾರೆ. ಪೈರಿಲ್ಲದ ಊರಿನಲ್ಲಿ ಆ ಬುಟ್ಟಿ ಯಾರ ಬಳಿಗೆ ಹೋಗಬೇಕು? ಗದ್ದೆ ಉಳಿಸಲು ನನಗಿದ್ದ ಕಾರಣಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದಾಯಿತು.

ಆ ಅಕ್ಕನಿಗೆ ಪೇಟೆಯಿಂದ ಬರುವ ಯಾವ ಶಿಕ್ಷಕರಿಗೂ ಕೊಡುವಷ್ಟೇ ಸಂಭಾವನೆ. ಹಾರ, ಶಾಲು, ಒಂದು ಫೋಟೊ ಇಷ್ಟರಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ.

ಹೊರಗಿನ ಕಲಾವಿದರು ಈ ಸೀಮೆಗೆ ಹೊಸಬರಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ಇಲ್ಲೇ ಇದೆ. ಊರವರೇ ನಟರು, ಊರವರೇ ಪ್ರೇಕ್ಷಕರಾಗಿ ಬೆಳೆದ ಸಂಸ್ಥೆ ಅದು. ಅದನ್ನು ನೋಡಿಯೇ ನಾವೂ, ಬಂದವರು ಹೊರಡುವ ಮುನ್ನ ತಮ್ಮ ಕೆಲಸವನ್ನು ಅಂಗಳದಲ್ಲಿ ಊರಿಗೆ ತೋರಿಸಬೇಕೆಂದು ಕೇಳಿಕೊಳ್ಳುತ್ತೇವೆ. ಅರ್ಧ ಆದದ್ದಾದರೂ ಸರಿ.

ಭತ್ತದಲ್ಲಿ ದುಡ್ಡು ಉಳಿಯುವುದಿಲ್ಲ. ನೆಟ್ಟಿಗೆ ಆಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಅದಕ್ಕೇ ಉಳಿಯುವವರು ಕೊಡುವ ಹಣದಲ್ಲಿ ಒಂದು ಪಾಲನ್ನು ಗದ್ದೆಯ ಖರ್ಚಿಗೆಂದು ತೆಗೆದಿಡುತ್ತೇವೆ, ಇದನ್ನು ಬರುವವರಿಗೆ ಮೊದಲೇ ಬರೆದು ತಿಳಿಸುತ್ತೇವೆ. ಈವರೆಗೆ ಯಾರೂ ಬೇಡವೆಂದಿಲ್ಲ. ಕೆಲವರು ನೆಟ್ಟಿಯ ದಿನ ಯಾವಾಗ ಎಂದು ಕೇಳಿ ಆಗಲೇ ಬರುತ್ತಾರೆ.