ರೌಟರ್ ಬದಲಾಯಿತು, ಡ್ರೈವ್ ಕಾಣೆಯಾಯಿತು: ದೋಷನಿದಾನದ ಒಂದು ಪಾಠ

ಹಿನ್ನೆಲೆ

ಸೂಕ್ಷ್ಮ ಬೋಧನೆ ಮತ್ತು ಅಭ್ಯಾಸ ಬೋಧನೆಯ ವಿಡಿಯೊಗಳನ್ನು ಜೋಪಾನವಾಗಿ ಇಡುವ ಹೊಣೆ ನಮ್ಮ ಕಾಲೇಜಿನಲ್ಲಿ ನನ್ನದು. ಇವನ್ನು ನನ್ನ ಲ್ಯಾಪ್‌ಟಾಪಿನಿಂದ ಮನೆಯಲ್ಲಿರುವ ನೆಟ್‌ವರ್ಕ್ ಡ್ರೈವಿಗೆ ಪ್ರತಿರಾತ್ರಿ ನಕಲು ಮಾಡುವ ವ್ಯವಸ್ಥೆ ಮಾಡಿಕೊಂಡಿದ್ದೆ. ದಪ್ಪ ಪುಸ್ತಕದಷ್ಟಿರುವ ಪೆಟ್ಟಿಗೆ ಅದು. ಒಳಗೆ ಹಾರ್ಡ್‌ಡಿಸ್ಕ್ ಇರುತ್ತದೆ. ಕೇಬಲ್ ಮೂಲಕ ರೌಟರಿಗೆ ಸೇರಿರುತ್ತದೆ. ಮನೆಯ ಯಾವ ಕಂಪ್ಯೂಟರಿನಿಂದಲೂ ಅದನ್ನು ತೆರೆಯಬಹುದು.

ಕಳೆದ ಸೆಮಿಸ್ಟರಿನ ನಡುವೆ ಮನೆಗೆ ಫೈಬರ್ ಸಂಪರ್ಕ ಹಾಕಿಸಿದೆವು. ಅದರೊಂದಿಗೆ ಹೊಸ ರೌಟರ್ ಬಂತು. ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಟ್ಟಿದ್ದರಿಂದ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ತಾವಾಗಿಯೇ ಸೇರಿಕೊಂಡವು. ಕೆಲಸ ಮುಗಿಯಿತೆಂದು ಸುಮ್ಮನಾದೆ.

ಮೂರು ವಾರಗಳ ನಂತರ, ಪ್ರಾಯೋಗಿಕ ಪರೀಕ್ಷೆಗೆ ಹತ್ತು ದಿನ ಇರುವಾಗ, ಒಬ್ಬ ಪ್ರಶಿಕ್ಷಣಾರ್ಥಿ ಬಂದು, "ಮೇಡಂ, ನನ್ನ ಮೊದಲ ಪಾಠದ ವಿಡಿಯೊ ಬೇಕಿತ್ತು, ಸ್ವಾವಲೋಕನ ವರದಿ ಬರೀಬೇಕು" ಎಂದಳು. ಮೊದಲ ಪಾಠವನ್ನೂ ಕೊನೆಯ ಪಾಠವನ್ನೂ ಹೋಲಿಸಿ ಬರೆಯಬೇಕೆಂದು ನಾನೇ ಹೇಳಿದ್ದೆ. ಅಂದು ರಾತ್ರಿ ಡ್ರೈವ್ ತೆರೆಯಲು ಹೋದರೆ ತೆರೆಯಲಿಲ್ಲ. ಮೂರು ವಾರಗಳಿಂದ ಬ್ಯಾಕಪ್ಪೇ ನಡೆದಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಮೊದಲ ಸುತ್ತಿನ ವಿಡಿಯೊಗಳನ್ನು ಅಳಿಸಿದ್ದೆ. ಡ್ರೈವಿನಲ್ಲಿ ಇದೆಯಲ್ಲ ಎಂಬ ಧೈರ್ಯ. 26 ಮಂದಿಯ ಮೊದಲ ಪಾಠಗಳ ಒಂದೇ ಒಂದು ಪ್ರತಿ ಆ ಪೆಟ್ಟಿಗೆಯಲ್ಲಿತ್ತು.

ಅದನ್ನು ಹೇಗೆ ಸರಿಪಡಿಸಿದೆ, ಆ ಅನುಭವವನ್ನು ಐಸಿಟಿ ತರಗತಿಗೆ ಹೇಗೆ ಪಾಠವಾಗಿ ತಂದೆ, ಆ ಪಾಠದಲ್ಲಿ ನಾನೇ ಏನು ಕಲಿತೆ ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ.

ಮನೆಯಲ್ಲಿ ನಡೆದದ್ದು

ಗಾಬರಿಯಲ್ಲಿ ನನಗೆ ಎರಡು ಸಲಹೆಗಳು ಬಂದವು. ಮೊದಲನೆಯದು, ಪೆಟ್ಟಿಗೆಯ ಹಿಂದಿರುವ ರೀಸೆಟ್ ಗುಂಡಿ ಒತ್ತುವುದು. ಎರಡನೆಯದು, ಡಿಸ್ಕನ್ನು ಬಿಚ್ಚಿ ನೇರವಾಗಿ ಕಂಪ್ಯೂಟರಿಗೆ ಜೋಡಿಸುವುದು. ಎರಡನ್ನೂ ಮಾಡಲಿಲ್ಲ. ರೀಸೆಟ್ ಗುಂಡಿ ಕೆಲವು ಡ್ರೈವುಗಳಲ್ಲಿ ಸೆಟ್ಟಿಂಗುಗಳನ್ನು ಮಾತ್ರ ಅಳಿಸುತ್ತದೆ, ಕೆಲವುಗಳಲ್ಲಿ ಒಳಗಿನ ಕಡತಗಳನ್ನೂ ಅಳಿಸಬಹುದು. ಇನ್ನು ಇಂಥ ಪೆಟ್ಟಿಗೆಗಳ ಡಿಸ್ಕ್ ಸಾಮಾನ್ಯವಾಗಿ ಲಿನಕ್ಸ್ ಮಾದರಿಯಲ್ಲಿ ಸಿದ್ಧವಾಗಿರುತ್ತದೆ. ವಿಂಡೋಸಿಗೆ ಅದನ್ನು ಓದಲು ಬರುವುದಿಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಬಹುದು. ಅವಸರದಲ್ಲಿ "ಹೂಂ" ಎಂದರೆ ಮುಗಿಯಿತು.

ಆದ್ದರಿಂದ ಏನನ್ನೂ ಬದಲಿಸದೆ, ಬರೀ ನೋಡುತ್ತಾ ಹೋದೆ.

1. ಡ್ರೈವಿನ ದೀಪ ಉರಿಯುತ್ತಿದೆ. ರೌಟರಿನಲ್ಲಿ ಅದರ ಕೇಬಲ್ ಇರುವ ಕಡೆಯ ದೀಪವೂ ಮಿನುಗುತ್ತಿದೆ. ಅಂದರೆ ವಿದ್ಯುತ್ತು, ಕೇಬಲ್ ಸರಿ.

2. ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಎಂಬ ಆಜ್ಞೆ ಕೊಟ್ಟೆ. ಲ್ಯಾಪ್‌ಟಾಪಿನ ವಿಳಾಸ 192.168.0.104, ರೌಟರಿನದು 192.168.0.1.

3. ಡ್ರೈವ್ ತಂದಾಗ ಡೈರಿಯಲ್ಲಿ ಬರೆದಿಟ್ಟಿದ್ದ ವಿಳಾಸ 192.168.1.50. ಆಗ ನಾನೇ ಅದನ್ನು ಕೈಯಾರೆ ನಿಗದಿ ಮಾಡಿದ್ದೆ.

4. ಪಿಂಗ್ ಆಜ್ಞೆಯಿಂದ ರೌಟರನ್ನು ಕೂಗಿದೆ, ಉತ್ತರ ಬಂತು. ಡ್ರೈವನ್ನು ಕೂಗಿದೆ, ಬರಲಿಲ್ಲ.

5. ರೌಟರಿನ ಪುಟದಲ್ಲಿ ಸಂಪರ್ಕಗೊಂಡ ಸಾಧನಗಳ ಪಟ್ಟಿ ನೋಡಿದೆ. ಟಿವಿ ಇತ್ತು, ಫೋನುಗಳಿದ್ದವು, ಡ್ರೈವ್ ಇರಲಿಲ್ಲ.

ಎರಡು ಮತ್ತು ಮೂರನೆಯ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ಕಂಡಿತು. ವಿಳಾಸದ ಮೂರನೆಯ ಸಂಖ್ಯೆ ಬೇರೆ. ಹಳೆಯ ರೌಟರ್ 192.168.1 ಎಂದು ಶುರುವಾಗುವ ವಿಳಾಸಗಳನ್ನು ಹಂಚುತ್ತಿತ್ತು, ಹೊಸದು 192.168.0 ಎಂದು. ಬೇರೆ ಸಾಧನಗಳೆಲ್ಲ ಹೊಸ ರೌಟರಿನ ಬಳಿ ಹೊಸ ವಿಳಾಸ ಕೇಳಿ ಪಡೆದಿದ್ದವು. ಡ್ರೈವ್ ಕೇಳಲೇ ಇಲ್ಲ, ಏಕೆಂದರೆ ಕೇಳಬೇಡ ಎಂದು ನಾನೇ ಅದಕ್ಕೆ ಹೇಳಿದ್ದೆ.

ಪರಿಹಾರ ಹೀಗೆ ಮಾಡಿದೆ. ಡ್ರೈವಿನ ಕೇಬಲನ್ನು ರೌಟರಿನಿಂದ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿದೆ. ಲ್ಯಾಪ್‌ಟಾಪಿನ ವೈಫೈ ಆರಿಸಿ, ಅದರ ಕೇಬಲ್ ಸಂಪರ್ಕಕ್ಕೆ ತಾತ್ಕಾಲಿಕವಾಗಿ 192.168.1.20 ಎಂಬ ವಿಳಾಸವನ್ನೂ 255.255.255.0 ಎಂಬ ಸಬ್‌ನೆಟ್ ಮಾಸ್ಕನ್ನೂ ಕೊಟ್ಟೆ. ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರುವವು ಒಂದು ಗುಂಪು ಎಂದು ಈ ಮಾಸ್ಕಿನ ಅರ್ಥ. ಈಗ ಇಬ್ಬರೂ ಒಂದೇ ಗುಂಪು. ಬ್ರೌಸರಿನಲ್ಲಿ 192.168.1.50 ಎಂದು ಬರೆದೊಡನೆ ಡ್ರೈವಿನ ಪುಟ ತೆರೆಯಿತು. ಅದರಲ್ಲಿ ವಿಳಾಸವನ್ನು ತಾನಾಗಿ ಪಡೆಯುವಂತೆ, ಅಂದರೆ ಡಿಎಚ್‌ಸಿಪಿಗೆ, ಬದಲಿಸಿದೆ. ಲ್ಯಾಪ್‌ಟಾಪಿನ ಕೇಬಲ್ ಸಂಪರ್ಕವನ್ನೂ ಮರೆಯದೆ ಮೊದಲಿನಂತೆ ಮಾಡಿ, ಡ್ರೈವನ್ನು ಮತ್ತೆ ರೌಟರಿಗೆ ಸೇರಿಸಿದೆ. ಪಟ್ಟಿಯಲ್ಲಿ 192.168.0.107 ಎಂದು ಕಾಣಿಸಿಕೊಂಡಿತು. ಅದೇ ವಿಳಾಸವನ್ನು ರೌಟರಿನಲ್ಲಿ ಡ್ರೈವಿನ ಹೆಸರಿಗೆ ಕಾಯ್ದಿರಿಸಿದೆ.

ಇಷ್ಟಾದರೂ ಲ್ಯಾಪ್‌ಟಾಪಿನ ನೆಟ್‌ವರ್ಕ್ ಫೋಲ್ಡರಿನಲ್ಲಿ ಡ್ರೈವ್ ಕಾಣಲಿಲ್ಲ. ವೈಫೈ ಹೆಸರು ಹಳೆಯದೇ ಆದರೂ ವಿಂಡೋಸ್ ಇದನ್ನು ಹೊಸ ನೆಟ್‌ವರ್ಕೆಂದು ಗುರುತಿಸಿ "ಪಬ್ಲಿಕ್" ಎಂದು ಇಟ್ಟಿತ್ತು. ಹಾಗಿದ್ದಾಗ ಅಕ್ಕಪಕ್ಕದ ಸಾಧನಗಳನ್ನು ಅದು ಹುಡುಕುವುದಿಲ್ಲ. "ಪ್ರೈವೇಟ್" ಎಂದು ಬದಲಿಸಿದೆ. ಕೊನೆಗೆ ಬ್ಯಾಕಪ್ ತಂತ್ರಾಂಶದಲ್ಲಿ ಉಳಿದಿದ್ದ ಹಳೆಯ ವಿಳಾಸವನ್ನೂ ತಿದ್ದಿದೆ. ಆ ಹುಡುಗಿಯ ಮೊದಲ ಪಾಠದ ವಿಡಿಯೊ ತೆರೆದು ಪೂರ್ತಿ ನೋಡಿದ ಮೇಲೆಯೇ ಮಲಗಿದ್ದು.

ಪಾಠದ ಯೋಜನೆ

ಪರೀಕ್ಷೆಗಳು ಮುಗಿದ ಮೇಲೆ ಇದನ್ನೇ ಎರಡು ಅವಧಿಗಳ ಪಾಠವಾಗಿ ಅದೇ 26 ಮಂದಿಗೆ ಮಾಡಿದೆ. ವಿಡಿಯೊಗಳನ್ನು ಮೊದಲೇ ಬೇರೆ ಎರಡು ಡಿಸ್ಕುಗಳಿಗೆ ನಕಲು ಮಾಡಿಟ್ಟು, ಹಳೆಯ ರೌಟರ್, ಹೊಸ ರೌಟರ್, ಡ್ರೈವ್ ಮೂರನ್ನೂ ತರಗತಿಗೆ ಒಯ್ದೆ. ಡ್ರೈವಿಗೆ ಮತ್ತೆ ಹಳೆಯ ವಿಳಾಸವನ್ನೇ ಕೊಟ್ಟಿದ್ದೆ. ಉದ್ದೇಶಗಳು ಮೂರು: ಗಮನಿಸಿದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸುವುದು, ಒಂದು ಸಲಕ್ಕೆ ಒಂದೇ ಅಂಶವನ್ನು ಪರೀಕ್ಷಿಸುವುದು, ಸ್ಥಿರ ವಿಳಾಸಕ್ಕೂ ರೌಟರ್ ಹಂಚುವ ವಿಳಾಸಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವುದು.

ತರಗತಿಯಲ್ಲಿ ನಡೆದದ್ದು

ಹಳೆಯ ರೌಟರಿಗೆ ಜೋಡಿಸಿ ಡ್ರೈವ್ ತೆರೆದು ತೋರಿಸಿದೆ. ಅವರ ಕಣ್ಣೆದುರೇ ರೌಟರ್ ಬದಲಿಸಿದೆ. ತೆರೆಯಲಿಲ್ಲ. ಕಾರಣ ಏನಿರಬಹುದೆಂದು ಚೀಟಿಯಲ್ಲಿ ಬರೆಯಲು ಹೇಳಿದೆ. ಹೆಚ್ಚಿನವರು ಡ್ರೈವ್ ಕೆಟ್ಟಿದೆ ಎಂದೋ ಪಾಸ್‌ವರ್ಡ್ ಬದಲಾಗಿದೆ ಎಂದೋ ಬರೆದರು. ಇಂಟರ್‌ನೆಟ್ ಇಲ್ಲ ಎಂದವರೂ ಇದ್ದರು.

ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ "ನೋಡಿದ್ದು", "ಊಹಿಸಿದ್ದು" ಎಂದು ಬರೆದೆ. ಚೀಟಿಗಳೆಲ್ಲ ಎರಡನೆಯ ಭಾಗಕ್ಕೆ ಹೋದವು. ಮೊದಲ ಭಾಗ ಖಾಲಿ ಉಳಿಯಿತು. ಅದನ್ನು ನೋಡಿ ಅವರೇ ನಕ್ಕರು. ನಂತರ ಐದು ಗುಂಪುಗಳಾಗಿ, ಏನನ್ನೂ ಬದಲಿಸದೆ ಬರೀ ನೋಡಿ ತಿಳಿಯಬಹುದಾದ ಒಂದೊಂದು ಪರೀಕ್ಷೆ ಹೇಳಬೇಕೆಂದೆ. ದೀಪ, ಕೇಬಲ್, ಲ್ಯಾಪ್‌ಟಾಪಿನ ವಿಳಾಸ, ರೌಟರಿನ ಪಟ್ಟಿ ಒಂದೊಂದಾಗಿ ಬಂದವು. ಪಿಂಗ್ ಆಜ್ಞೆಯನ್ನು ನಾನು ಹೇಳಿಕೊಡಬೇಕಾಯಿತು.

ವಿವರಣೆಯ ಹಂತದಲ್ಲಿ ನಾನು ಎಡವಿದೆ. ಮನೆ ನಂಬರ್ ಮತ್ತು ಬೀದಿಯ ಹೋಲಿಕೆ ಕೊಟ್ಟೆ: ಮೊದಲ ಮೂರು ಸಂಖ್ಯೆ ಬೀದಿ, ಕೊನೆಯದು ಮನೆ. ಹಿಂದಿನ ಬೆಂಚಿನಿಂದ ಒಬ್ಬರು ಎದ್ದು, "ಮೇಡಂ, ಬೀದಿ ಹೆಸರು ಬದಲಾದರೆ ಮನೆ ಎಲ್ಲಿಗೂ ಹೋಗಲ್ಲ. ಕೇಬಲ್ಲೂ ಇದೆ. ಮತ್ತೆ ಹೇಗೆ ಕಾಣೆಯಾಗುತ್ತೆ?" ಎಂದರು. ನನ್ನ ಹೋಲಿಕೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಪ್ರಶ್ನೆಯನ್ನು ತರಗತಿಗೇ ಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬಳು ಹೇಳಿದಳು: "ಇದು ಹಾಜರಿ ಪುಸ್ತಕದ ಥರ ಮೇಡಂ. ಹೊಸ ಕ್ಲಾಸ್ ಟೀಚರ್ ಬಂದಿದ್ದಾರೆ, ಹೊಸ ಹಾಜರಿ ಪುಸ್ತಕ ಮಾಡಿದ್ದಾರೆ. ಮಕ್ಕಳೆಲ್ಲ ಎದ್ದು ಹೋಗಿ ಹೊಸ ನಂಬರ್ ತಗೊಂಡರು. ಒಬ್ಬ ಮಾತ್ರ ಹಳೆ ಸೆಕ್ಷನ್ ನಂಬರನ್ನೇ ಹಿಡ್ಕೊಂಡು ಕೂತಿದ್ದಾನೆ. ಹಾಜರಿ ಕರೆಯುವಾಗ ಅವನ ನಂಬರ್ ಬರೋದೇ ಇಲ್ಲ. ಕ್ಲಾಸಲ್ಲೇ ಇದ್ದಾನೆ, ಪುಸ್ತಕದಲ್ಲಿ ಇಲ್ಲ."

ಇದು ನನ್ನ ಹೋಲಿಕೆಗಿಂತ ಎಷ್ಟೋ ಸಮರ್ಪಕ. ನಂಬರ್ ಯಾರು ಹಂಚುತ್ತಾರೆ, ಕೇಳಿದವರಿಗಷ್ಟೇ ಏಕೆ ಸಿಗುತ್ತದೆ, ಪಟ್ಟಿಯಲ್ಲಿ ಡ್ರೈವ್ ಏಕಿಲ್ಲ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿದೆ. ವಿಳಾಸ ಕಾಯ್ದಿರಿಸುವುದನ್ನೂ ಅದರಲ್ಲೇ ವಿವರಿಸಿದೆ: ನಂಬರನ್ನು ಹುಡುಗ ತಾನೇ ಇಟ್ಟುಕೊಳ್ಳುವುದಲ್ಲ, ಟೀಚರೇ ಅವನ ಹೆಸರಿಗೆ ಒಂದು ನಂಬರನ್ನು ಬರೆದಿಡುವುದು.

ಎರಡನೆಯ ಅವಧಿಯಲ್ಲಿ ಪರಿಹಾರದ ಹಂತಗಳನ್ನು ಅವರೇ ಮಾಡಿದರು. ಡ್ರೈವ್ ತೆರೆದುಕೊಂಡಾಗ, "ಈಗ ಇಂಟರ್‌ನೆಟ್ ಇದೆಯೇ?" ಎಂದು ಕೇಳಿದೆ. ರೌಟರಿಗೆ ಹೊರಗಿನ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ಇಂಟರ್‌ನೆಟ್ ಬರುವುದು ಬೇರೆ, ಮನೆಯೊಳಗಿನ ನೆಟ್‌ವರ್ಕ್ ಸರಿಯಿರುವುದು ಬೇರೆ ಎಂಬುದು ಹೇಳದೆಯೇ ತಿಳಿಯಿತು. ಮನೆಯಲ್ಲಿ ನಾನು ಮೂರು ವಾರ ಮೋಸಹೋದದ್ದೂ ಇದನ್ನು ಮರೆತದ್ದರಿಂದಲೇ.

ಬೋಧನೆಗೆ ಇದರ ಸಂಬಂಧ

ಪಾಠದ ಕೊನೆಯಲ್ಲಿ ಕಪ್ಪುಹಲಗೆಯ ಮೇಲೆ 52 – 27 = 35 ಎಂದು ಬರೆದೆ. ಅಭ್ಯಾಸ ಶಾಲೆಗಳಲ್ಲಿ ಇವರೆಲ್ಲ ಕಂಡಿರುವ ತಪ್ಪೇ. "ಈ ಮಗುವಿಗೆ ಕಳೆಯುವುದು ಬರುವುದಿಲ್ಲ" ಎಂದು ಪಾಠ ವೀಕ್ಷಣೆಯ ಟಿಪ್ಪಣಿಗಳಲ್ಲಿ ಓದಿದ್ದೇನೆ. ಅದು "ಡ್ರೈವ್ ಕೆಟ್ಟಿದೆ" ಎಂಬ ಚೀಟಿಯಂತೆಯೇ ಒಂದು ಊಹೆ. ನೋಡಿದ್ದು ಏನು? ಮಗು ಹತ್ತರ ಸ್ಥಾನದಲ್ಲಿ 5ರಿಂದ 2ನ್ನು ಸರಿಯಾಗಿ ಕಳೆದಿದೆ. ಬಿಡಿ ಸ್ಥಾನದಲ್ಲಿ 7ರಿಂದ 2ನ್ನು ಕಳೆದಿದೆ. ಅಂದರೆ ಅದು ಒಂದು ನಿಯಮವನ್ನು ಪಾಲಿಸುತ್ತಿದೆ: ದೊಡ್ಡದರಿಂದ ಚಿಕ್ಕದನ್ನು ಕಳೆ. ದಶಕ ಬಿಡಿಸದೆ ಮಾಡುವ ಲೆಕ್ಕಗಳಲ್ಲಿ ಆ ನಿಯಮ ಪ್ರತಿಸಲವೂ ಸರಿ ಉತ್ತರ ಕೊಟ್ಟಿತ್ತು. ಲೆಕ್ಕದ ಬಗೆ ಬದಲಾಯಿತು. ಮಗು ಹಳೆಯ ನಿಯಮದಲ್ಲೇ ಉಳಿಯಿತು.

ನನ್ನ ಡ್ರೈವೂ ಕೆಟ್ಟಿರಲಿಲ್ಲ. ಹಳೆಯ ಮನೆಯಲ್ಲಿ ಸರಿಯಾಗಿದ್ದ ನಿಯಮವನ್ನು, ಅದೂ ನಾನೇ ಕೊಟ್ಟದ್ದನ್ನು, ಚಾಚೂ ತಪ್ಪದೆ ಪಾಲಿಸುತ್ತಿತ್ತು. ಇಂಥಲ್ಲಿ ಇಡೀ ಅಧ್ಯಾಯವನ್ನು ಮೊದಲಿನಿಂದ ಮತ್ತೆ ಹೇಳುವುದು ರೀಸೆಟ್ ಗುಂಡಿ ಒತ್ತಿದ ಹಾಗೆ. ಮಗುವಿಗೆ ಈಗಾಗಲೇ ಗೊತ್ತಿರುವುದನ್ನೂ ನಾವು ಅಲುಗಾಡಿಸುತ್ತೇವೆ. ನೈದಾನಿಕ ಪರೀಕ್ಷೆಯ ಕೆಲಸ ಅಂಕ ಕೊಡುವುದಲ್ಲ. ಯಾವುದು ಸರಿಯಿದೆ ಎಂದು ಒಂದೊಂದಾಗಿ ಖಚಿತ ಮಾಡಿಕೊಳ್ಳುತ್ತಾ, ಎಲ್ಲಿ ಹಳೆಯ ನಿಯಮ ನಿಂತಿದೆಯೋ ಅಲ್ಲಿಗೆ ತಲುಪುವುದು. ಪರಿಹಾರ ಬೋಧನೆ ಆ ಒಂದು ಜಾಗಕ್ಕೆ ಸಾಕು. ಯಂತ್ರಕ್ಕೂ ಮಗುವಿಗೂ ವ್ಯತ್ಯಾಸವಿದೆ, ನಿಜ: ಡ್ರೈವನ್ನು "ಏಕೆ ಹೀಗೆ ಮಾಡಿದೆ?" ಎಂದು ಕೇಳಲಾಗದು, ಮಗುವನ್ನು ಕೇಳಬಹುದು. ನಾವು ಅಪರೂಪಕ್ಕೆ ಕೇಳುತ್ತೇವೆ.

ಮೌಲ್ಯಮಾಪನ ಮತ್ತು ಸ್ವಾವಲೋಕನ

ಮನೆಗೆಲಸವಾಗಿ ಎರಡು ಕೆಲಸ ಕೊಟ್ಟೆ. ಒಂದು, ತಮ್ಮ ಅಭ್ಯಾಸ ಶಾಲೆಯ ಒಂದು ಮಗುವಿನ ಒಂದು ತಪ್ಪನ್ನು "ನೋಡಿದ್ದು, ಊಹಿಸಿದ್ದು" ಎಂದು ಎರಡು ಭಾಗ ಮಾಡಿ ಬರೆಯುವುದು. ಇನ್ನೊಂದು, ತಮ್ಮ ಪಾಠ ಯೋಜನೆಗಳ ಬ್ಯಾಕಪ್ಪಿನಿಂದ ಒಂದು ಕಡತವನ್ನು ಮರಳಿ ತೆರೆದು ನೋಡುವುದು. ಬ್ಯಾಕಪ್ ಇದೆ ಎಂದುಕೊಂಡಿದ್ದ ಕೆಲವರಿಗೆ ಕಡತ ಸಿಗಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಗಿಂತ ಈಗಲೇ ತಿಳಿದದ್ದು ಒಳ್ಳೆಯದಾಯಿತು.

ಪಾಠದಲ್ಲಿ ಕೊರತೆಗಳೂ ಇದ್ದವು. ಕೀಲಿಮಣೆ ಮುಟ್ಟಿದವರು ಪ್ರತಿ ಗುಂಪಿನಲ್ಲಿ ಒಬ್ಬಿಬ್ಬರೇ. ಉಳಿದವರು ನೋಡುತ್ತಾ ನಿಂತರು. ಮುಂದಿನ ಸಲ ಪ್ರತಿ ಹಂತಕ್ಕೂ ಬೇರೆಯವರು ಕೂರಬೇಕೆಂದು ನಿಯಮ ಮಾಡುತ್ತೇನೆ. ಹೋಲಿಕೆಯನ್ನೂ ನಾನು ಮೊದಲು ಕೊಡುವುದಿಲ್ಲ, ಅವರಿಂದಲೇ ಕೇಳುತ್ತೇನೆ.

ವಿಡಿಯೊಗಳು ಈಗ ಮೂರು ಕಡೆ ಇವೆ: ಕಾಲೇಜಿನ ಕಂಪ್ಯೂಟರು, ಮನೆಯ ಡ್ರೈವ್, ಪ್ರಾಂಶುಪಾಲರ ಕೊಠಡಿಯ ಕಪಾಟಿನಲ್ಲಿ ಒಂದು ಡಿಸ್ಕ್. ಅವುಗಳಲ್ಲಿ ಅಭ್ಯಾಸ ಶಾಲೆಗಳ ಮಕ್ಕಳ ಮುಖಗಳೂ ಇರುವುದರಿಂದ ಎಲ್ಲೆಂದರಲ್ಲಿ ಇಡುವಂತಿಲ್ಲ. ತಿಂಗಳ ಮೊದಲ ಸೋಮವಾರ ಯಾವುದಾದರೊಂದು ವಿಡಿಯೊ ತೆರೆದು ನೋಡಿ, ದಿನಾಂಕವನ್ನು ಡೈರಿಯಲ್ಲಿ ಬರೆಯುತ್ತೇನೆ. ಡ್ರೈವಿನ ಹೊಸ ವಿಳಾಸವೂ ಅದೇ ಪುಟದಲ್ಲಿದೆ.