ರಜೆ ಮತ್ತು ರಾಜೀನಾಮೆ: ಒಂದು ಸಹಿಯ ಲೆಕ್ಕ

ನಮ್ಮ ಮನೆಮಾತು ಉರ್ದು. ಕೆಲಸ ಬಿಡುವಾಗ ಬರೆದುಕೊಡುವ ಪತ್ರಕ್ಕೆ ನಾವು 'ಇಸ್ತೀಫಾ' ಎನ್ನುತ್ತೇವೆ. 'ರಾಜಿನಾಮಾ' ಎಂದರೆ ಇಬ್ಬರೂ ರಾಜಿಯಾಗಿ ಬರೆದುಕೊಂಡ ಒಪ್ಪಿಗೆಯ ಕಾಗದ. ಅದೇ ಪದ ಕನ್ನಡದಲ್ಲಿ 'ರಾಜೀನಾಮೆ' ಆದಾಗ ಅರ್ಥವೇ ಬೇರೆ. ಈ ವ್ಯತ್ಯಾಸ ತಿಳಿಯದೆ ನಮ್ಮ ಆಪಾ ಒಂದು ಕಾಗದಕ್ಕೆ ಸಹಿ ಹಾಕಿದಳು. ಅದರಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಅನೇಕರ ಅಕ್ಕ, ಅಣ್ಣ, ತಾಯಿ ಕಾರ್ಖಾನೆಗೆ ಹೋಗುವವರೇ ಆದ್ದರಿಂದ ಇದು ಎಲ್ಲರಿಗೂ ಉಪಯೋಗವಾಗಬಹುದು.

ಎರಡು ವರ್ಷದ ಹಿಂದಿನ ಮಾತು. ಆಪಾ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ಸೇರಿ ನಾಲ್ಕು ವರ್ಷ ದಾಟಿತ್ತು. ಕಲಬುರಗಿಯಲ್ಲಿರುವ ನಾನಿಗೆ ಮೊಣಕಾಲಿನ ಆಪರೇಷನ್ ಎಂದು ಒಂದು ತಿಂಗಳು ಮೊದಲೇ ತಾರೀಖು ಗೊತ್ತಾಗಿತ್ತು. ಅಮ್ಮಿ ಮನೆ ಬಿಟ್ಟು ಹೋಗುವ ಹಾಗಿರಲಿಲ್ಲ. ಮೂರು ವಾರ ಆಪಾಳೇ ಹೋಗಿ ನೋಡಿಕೊಳ್ಳಬೇಕಿತ್ತು. ಅವಳು ಸೂಪರ್‌ವೈಸರ್ ಹತ್ತಿರ ಬಾಯಿಮಾತಿನಲ್ಲಿ ರಜೆ ಕೇಳಿದಳು.

"ಅಷ್ಟು ದಿನ ರಜೆ ಇಲ್ಲಮ್ಮ, ಶಿಪ್‌ಮೆಂಟ್ ಇದೆ. ಆಫೀಸಲ್ಲಿ ಒಂದು ಲೆಟರ್ ಕೊಡ್ತಾರೆ, ಸಹಿ ಹಾಕಿ ಹೋಗು. ಬಂದಮೇಲೆ ಮತ್ತೆ ಸೇರ್ಕೋ" ಎಂದರಂತೆ.

ಸಂಜೆ ಆ ಕಾಗದ ಮನೆಗೆ ಬಂತು. ಆಪಾ ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು, ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾಳೆ. "ರಾಜೀನಾಮೆ ಅಂದರೆ ನಮ್ಮ ರಾಜಿನಾಮಾನೇ ಅಲ್ಲವಾ?" ಎಂದು ನನ್ನನ್ನು ಕೇಳಿದಳು. ನಾನು ಆಗ ಹತ್ತನೇ ತರಗತಿ. ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಿದ್ದೆ. ತಲೆ ಎತ್ತದೆ "ಹಾಂ ಆಪಾ" ಎಂದುಬಿಟ್ಟೆ.

ಮೂರು ವಾರ ಬಿಟ್ಟು ವಾಪಸ್ಸು ಹೋದಾಗ "ಈಗ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ" ಎಂದರು. ನಾಲ್ಕು ವರ್ಷ ದುಡಿದವಳು ಹೊಸಬಳಾಗಿದ್ದಳು. ಎರಡು ತಿಂಗಳ ನಂತರ ಅದೇ ಕಾರ್ಖಾನೆಯಲ್ಲಿ ಆರ್ಡರ್ ಇಲ್ಲವೆಂದು ಆಪಾ ಕೆಲಸ ಮಾಡುತ್ತಿದ್ದ ಲೈನನ್ನೇ ತೆಗೆದರು. ಅವಳ ಪಕ್ಕದ ಮೆಷಿನ್ನಿನ ಗೆಳತಿಗೆ ಇಎಸ್‌ಐನಿಂದ ನಿರುದ್ಯೋಗ ಭತ್ಯೆ ಬಂತು. ಆಪಾ ಹೋಗಿ ವಿಚಾರಿಸಿದರೆ, "ನೀವು ಸ್ವಂತ ಇಚ್ಛೆಯಿಂದ ಬಿಟ್ಟಿದ್ದೀರಿ, ನಿಮಗೆ ಬರುವುದಿಲ್ಲ" ಎಂಬ ಉತ್ತರ. ಆ ಕಾಗದವನ್ನು ನಾನು ಪೂರ್ತಿ ಓದಿದ್ದು ಅವತ್ತೇ.

ಕೆಲಸ ಹೋದವರಿಗೆ ಏನಿದೆ?

ನಮ್ಮ ದೇಶದಲ್ಲಿ ಕೆಲಸವಿಲ್ಲದ ಎಲ್ಲರಿಗೂ ಭತ್ಯೆ ಕೊಡುವ ಒಂದೇ ಕಾನೂನು ಇಲ್ಲ. ಆದರೆ ಇಎಸ್‌ಐ ಕಟ್ಟುವ ಕಾರ್ಮಿಕರಿಗೆ 'ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ' ಇದೆ. ಇದು 2018ರ ಜುಲೈ 1ರಿಂದ ಶುರುವಾಯಿತು. ಮೊದಲು ದಿನದ ಸರಾಸರಿ ಗಳಿಕೆಯ ಶೇ. 25ರಷ್ಟು ಕೊಡುತ್ತಿದ್ದರು. 2020ರಲ್ಲಿ, ಕೊರೋನಾ ಕಾಲದಲ್ಲಿ, ಅದನ್ನು ಶೇ. 50ಕ್ಕೆ ಏರಿಸಿದರು. ಈ ಏರಿಕೆಗೆ ಕಾಲಮಿತಿ ಇತ್ತು, ಆಮೇಲೆ ಅದನ್ನು ವಿಸ್ತರಿಸುತ್ತಾ ಬಂದರು. ಹೆಚ್ಚೆಂದರೆ 90 ದಿನ, ಅದೂ ಜೀವನದಲ್ಲಿ ಒಂದೇ ಸಲ.

ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ಇಎಸ್‌ಐ ವ್ಯಾಪ್ತಿಯ ಕೆಲಸದಲ್ಲಿ ಇರಬೇಕು. ಇಎಸ್‌ಐನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ವಂತಿಗೆ ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. 2020ರಲ್ಲಿ ಸಡಿಲಿಸಿದ ನಿಯಮದಂತೆ, ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನ ಮತ್ತು ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು.

ಯಾರಿಗೆ ಸಿಗುವುದಿಲ್ಲ?

ತಾನೇ ಕೆಲಸ ಬಿಟ್ಟವರಿಗೆ, ದುರ್ವರ್ತನೆಗಾಗಿ ತೆಗೆದುಹಾಕಿದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ ಈ ಭತ್ಯೆ ಇಲ್ಲ. ಇದು ತಾನಾಗಿ ಬಿಟ್ಟ ಕೆಲಸಕ್ಕೆ ಅಲ್ಲ, ಕೈತಪ್ಪಿದ ಕೆಲಸಕ್ಕೆ ಕೊಡುವ ಪರಿಹಾರ. ನಾನಿಯ ಆಪರೇಷನ್ ಇರಲಿ, ಮನೆಯ ಮದುವೆ ಇರಲಿ, ಕಾರಣ ಎಷ್ಟೇ ಒಳ್ಳೆಯದಾದರೂ ಕಾಗದದ ಮೇಲೆ 'ರಾಜೀನಾಮೆ' ಎಂದಿದ್ದರೆ ಲೆಕ್ಕಕ್ಕೆ ಬರುವುದು ಅದೇ. ಹೇಳದೆ ಕೇಳದೆ ಊರಿಗೆ ಹೋಗಿ ಕುಳಿತರೂ ಅಪಾಯವೇ. ಅದನ್ನೂ ಕೆಲಸ ತೊರೆದದ್ದೆಂದು ಬರೆಯಬಹುದು.

ಲೆಕ್ಕ ಹಾಕೋಣ

ನಾವು ವಾಣಿಜ್ಯ ವಿದ್ಯಾರ್ಥಿಗಳು, ಅಂಕಿಯಲ್ಲೇ ನೋಡೋಣ. ತಿಂಗಳಿಗೆ 12,000 ರೂ. ಸಂಬಳ ಎಂದುಕೊಳ್ಳಿ. ಕಾರ್ಮಿಕರ ವಂತಿಗೆ ಶೇ. 0.75, ಅಂದರೆ 90 ರೂ. ಮಾಲೀಕರದ್ದು ಶೇ. 3.25, ಅಂದರೆ 390 ರೂ. ನಾಲ್ಕು ವಂತಿಗೆ ಅವಧಿ ಎಂದರೆ ಎರಡು ವರ್ಷದ ಗಳಿಕೆ: 12,000 × 24 = 2,88,000 ರೂ. ಇದನ್ನು 730 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 394.50 ರೂ. ಅದರ ಅರ್ಧ 197.25 ರೂ. ಇಂಥ 90 ದಿನಕ್ಕೆ ಸುಮಾರು 17,750 ರೂ.

ಈಗ ಇನ್ನೊಂದು ದಾರಿ. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ, ಒಂದು ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ ಮುಂದಿನ ವರ್ಷ ಪ್ರತಿ 20 ದಿನಕ್ಕೆ 1 ದಿನದಂತೆ ಸಂಬಳ ಸಹಿತ ರಜೆ ಇತ್ತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆಯಲ್ಲಿ 240ರ ಬದಲು 180 ದಿನ ಎಂದಿದೆ. ಹಿಂದಿನ ವರ್ಷ 280 ದಿನ ಕೆಲಸ ಮಾಡಿದ್ದರೆ 14 ದಿನ ರಜೆ. ನಡುವೆ ಬರುವ ಭಾನುವಾರಗಳನ್ನು ರಜೆಯಿಂದ ಕಳೆಯುವಂತಿಲ್ಲ. ಆಪಾಳಿಗೆ ಬೇಕಿದ್ದದ್ದು 21 ದಿನ. ಮೂರು ಭಾನುವಾರ ತೆಗೆದರೆ 18. ಅದರಲ್ಲಿ 14 ಅವಳ ಹಕ್ಕಿನ ರಜೆ. ಉಳಿದ 4 ದಿನಕ್ಕೆ ಸಂಬಳವಿಲ್ಲದ ರಜೆ ಕೇಳಬಹುದಿತ್ತು. ತಿಂಗಳಿಗೆ 26 ದಿನದ ಲೆಕ್ಕದಲ್ಲಿ ಆ ನಷ್ಟ ಸುಮಾರು 1,846 ರೂ. ಅಷ್ಟೇ.

1,846 ರೂ. ನಷ್ಟದಲ್ಲಿ ಮುಗಿಯಬೇಕಿದ್ದ ವಿಷಯ ಕೆಲಸವನ್ನೂ ಭತ್ಯೆಯನ್ನೂ ತೆಗೆದುಕೊಂಡು ಹೋಯಿತು. ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಸತತ ಸೇವೆಯೂ ಅಲ್ಲಿಗೆ ತುಂಡಾಯಿತು. ರಜೆಯಲ್ಲಿದ್ದರೆ ಸೇವೆ ತುಂಡಾಗುವುದಿಲ್ಲ.

ನೆನಪಿಡಿ

1. ರಜೆಯನ್ನು ಬರಹದಲ್ಲೇ ಕೇಳಿ. ಕಾರ್ಖಾನೆಗಳ ಕಾಯ್ದೆಯಲ್ಲಿ 15 ದಿನ ಮೊದಲೇ ಅರ್ಜಿ ಕೊಡಬೇಕು ಎಂದಿತ್ತು. ಇನ್ನೊಂದು ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ.

2. ತನಗೇ ಕಾಯಿಲೆಯಾದರೆ ಇಎಸ್‌ಐನಲ್ಲಿ ಬೇರೆ ಸೌಲಭ್ಯ ಇದೆ: ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70. ಮನೆಯವರ ಕಾಯಿಲೆಗೆ ಇದು ಬರುವುದಿಲ್ಲ, ಅದಕ್ಕೆ ರಜೆಯೇ ದಾರಿ.

3. "ಸುಮ್ಮನೆ ಫಾರ್ಮಾಲಿಟಿ" ಎಂದು ಕೊಟ್ಟ ಕಾಗದವನ್ನು ಓದಿಸದೆ ಸಹಿ ಮಾಡಬೇಡಿ.

4. ಕಾರ್ಖಾನೆಯವರೇ ಕೆಲಸದಿಂದ ತೆಗೆದರೆ, 30 ದಿನ ಕಳೆದ ಮೇಲೆ ಇಎಸ್‌ಐಗೆ ನೇರವಾಗಿ ಅರ್ಜಿ ಹಾಕಬಹುದು.

ಮನೆಯಲ್ಲಿ ಕನ್ನಡ ಓದಲು ಬರುವವರು ನಾವೇ ಆಗಿದ್ದರೆ, ಯಾರಾದರೂ ಕಾಗದ ತಂದು ಕೇಳಿದಾಗ ಮೊಬೈಲ್ ಕೆಳಗಿಡೋಣ. ನಾನು ಐದು ನಿಮಿಷ ಕೊಟ್ಟಿದ್ದರೆ ಸಾಕಿತ್ತು. ಆಪಾ ಇವತ್ತಿನವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ.

ಅವಳು ಈಗ ಬೇರೆ ಗಾರ್ಮೆಂಟ್ಸ್‌ನಲ್ಲಿದ್ದಾಳೆ. ಕಳೆದ ತಿಂಗಳು ಮಾಮು ಮಗಳ ಮದುವೆಗೆ ನಾಲ್ಕು ದಿನ ರಜೆ ಬೇಕಿತ್ತು. ಅರ್ಜಿಯನ್ನು ನಾನು ಕನ್ನಡದಲ್ಲಿ ಬರೆದೆ, ಉರ್ದುವಿನಲ್ಲಿ ಓದಿ ಹೇಳಿದೆ. ಎರಡು ಪ್ರತಿ ಮಾಡಿಸಿಕೊಂಡು ಹೋದಳು. ಸಂಜೆ ಸೀಲು ಹಾಕಿಸಿದ ಪ್ರತಿಯನ್ನು ತಂದು ನನ್ನ ಕೈಗೆ ಕೊಟ್ಟು, "ಇನ್ನೊಂದು ಸಲ ಓದು" ಎಂದಳು. ಓದಿದೆ. 'ರಜೆ' ಎಂದೇ ಇತ್ತು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ